ಪರೀಕ್ಷೆಗೆ ಬರುವ ಕೊರಳು

ಹಣಮಮ್ಮನ ಕೊರಳಿನ ಎಡಗಡೆ ನಿಂಬೆಹಣ್ಣಿನಷ್ಟು ದೊಡ್ಡ ಗಂಟಿತ್ತು. ಥೈರಾಯ್ಡಿನ ಗಂಟು. ಹಳೆಯದು, ಅಪಾಯವಿಲ್ಲದ್ದು. ಅದು ಬೆಳೆಯುತ್ತಿರಲಿಲ್ಲ, ಕರಗುತ್ತಲೂ ಇರಲಿಲ್ಲ. ಈ ಕಾರಣಕ್ಕೇ ಶಹಾಪುರದ ಹೊರಗಿನ ಟ್ರಸ್ಟ್ ಆಸ್ಪತ್ರೆಗೆ ಅವಳು ಬೇಕಾಗಿದ್ದಳು. ಅಲ್ಲಿ ಓದುವ ಡಾಕ್ಟರುಗಳಿಗೆ ಪರೀಕ್ಷೆ ಬಂದಾಗಲೆಲ್ಲ ವಾರ್ಡಿನ ಸಹಾಯಕ ನೀಲಕಂಠ ಅವಳ ಊರು ಕೊಡೇಕಲ್ಲಿಗೆ ಫೋನು ಮಾಡುತ್ತಿದ್ದ. ಹಣಮಮ್ಮ ಬೆಳಗಿನ ಬಸ್ಸು ಹಿಡಿದು, ಸುರಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಬರುತ್ತಿದ್ದಳು. ಆಸ್ಪತ್ರೆಯವರು ಅವಳಿಗೆ ಊಟ, ಚಹಾ, ಬಸ್ಸಿನ ಖರ್ಚು ಕೊಡುತ್ತಿದ್ದರು. ಅವಳ ಹೆಸರಿನಲ್ಲಿ ಆಸ್ಪತ್ರೆಯ ಚೀಟಿ ಮಾತ್ರ ಇರಲಿಲ್ಲ. ಚೀಟಿ ಮಾಡಿಸುವುದು ರೋಗಿಗಳಿಗೆ. ಇವಳು ಪರೀಕ್ಷೆಗೆ ಬಂದವಳು.

ಪರೀಕ್ಷಕರು ಆಚೆ ತಿರುಗಿದರೆ ಸಾಕು, ಎದುರಿಗಿದ್ದ ಹುಡುಗನಿಗೋ ಹುಡುಗಿಗೋ ಅವಳು ಉತ್ತರ ಹೇಳಿಬಿಡುತ್ತಿದ್ದಳು.

"ಎಡಗಡಿ ನೋಡು. ನುಂಗಿದ್ರ ಮ್ಯಾಲ ಹೋಗ್ತದ. ಕೊಲಾಯ್ಡ್ ಗಾಯ್ಟರ್ ಅಂತ ಬರಿ."

ಹೀಗೆ ಬರೆದವರೆಲ್ಲ ಪಾಸಾಗಿದ್ದರು.

ಯಶೋಧರಾಳ ಪರೀಕ್ಷೆ ಸ್ವಲ್ಪ ಬೇರೆಯದು. ಅವಳು ಪೆಥಾಲಜಿಯಲ್ಲಿ ಎಂ.ಡಿ. ಮಾಡುತ್ತಿದ್ದಳು, ಕೊನೆಯ ವರ್ಷ. ಗಂಟಿಗೆ ಸೂಜಿ ಚುಚ್ಚಿ, ಬಂದದ್ದನ್ನು ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ, ಜೀವಕೋಶ ನೋಡಿ ಕಾಯಿಲೆ ಹೇಳುವುದು ಅವಳ ಕಸುಬು. ಇಂಥ ಐದು ಸೂಜಿ ಪರೀಕ್ಷೆಗಳನ್ನು ಹೊರಗಿನ ಪರೀಕ್ಷಕರ ಕಣ್ಣೆದುರು ಮಾಡಿ ತೋರಿಸಬೇಕಿತ್ತು. ಪ್ರತಿಯೊಂದರ ಕೊನೆಗೆ ಪರೀಕ್ಷಕರು ಒಂದು ಸಾಲು ಬರೆಯುತ್ತಾರೆ: ‘ಸ್ವತಂತ್ರವಾಗಿ ಮಾಡಬಲ್ಲರು’ ಎಂದು, ಇಲ್ಲವೆ ‘ಮೇಲ್ವಿಚಾರಣೆಯಲ್ಲಿ ಮಾಡಬಲ್ಲರು’ ಎಂದು. ಐದಕ್ಕೂ ‘ಸ್ವತಂತ್ರವಾಗಿ’ ಬಂದರೆ ಮಾತ್ರ ಅಂತಿಮ ಪರೀಕ್ಷೆಗೆ ಕೂರಿಸುತ್ತಾರೆ. ಬರದಿದ್ದರೆ ಇನ್ನೂ ಆರು ತಿಂಗಳು ಹಾಸ್ಟೆಲ್ಲು.

ಯಶೋಧರಾಳಿಗೆ ನಾಲ್ಕು ಬಂದಿದ್ದವು. ಐದನೆಯದು ಚಳಿಗಾಲದಲ್ಲಿ ಕೆಟ್ಟಿತ್ತು. ಹತ್ತಿ ಮಿಲ್ಲಿನ ಕೂಲಿಯೊಬ್ಬನ ಕುತ್ತಿಗೆ ಗಡ್ಡೆಯನ್ನು ಅವಳು ‘ಕ್ಯಾನ್ಸರಿನ ಸಂಶಯ’ ಎಂದು ಬರೆದಿದ್ದಳು. ಕಲಬುರಗಿಯಲ್ಲಿ ಕೊಯ್ದು ನೋಡಿದರೆ ಬರೀ ಸೋಂಕು. ಆತ ಹೊಲಿಗೆ ಹಾಕಿದ ಕುತ್ತಿಗೆಯೊಂದಿಗೆ ಬಂದು ವಿಭಾಗದ ಮುಖ್ಯಸ್ಥೆ ಡಾಕ್ಟರ್ ಗುರುದೇವಿಯ ಎದುರು ಅರ್ಧ ದಿನ ಕೂತಿದ್ದ.

ಆದ್ದರಿಂದ ಈ ಸಲ ಗುರುದೇವಿಯೇ ರೋಗಿಯನ್ನು ಆರಿಸಿದರು.

"ಹಣಮಮ್ಮನ್ನ ಕರಸ್ತೀನಿ. ನಿನಗೂ ತ್ರಾಸಿಲ್ಲ, ನನಗೂ ತ್ರಾಸಿಲ್ಲ," ಅಂದರು. ಅವರು ಶಹಾಪುರದಲ್ಲಿ ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿಯವರ ಮನೆಯ ಮಗಳು. ಮಾತೂ ಹಾಗೇ, ಒಂದೇ ಸಲ ದರ ಹೇಳಿ ಮುಗಿಸಿದಂತೆ.

ಪರೀಕ್ಷಕರಾಗಿ ಬಂದ ಡಾಕ್ಟರ್ ಮಹೇಶಕುಮಾರ ಹುಟ್ಟಿದ್ದು ಯಾದಗಿರಿಯಲ್ಲಿ, ಕೆಲಸ ಹೈದರಾಬಾದಿನಲ್ಲಿ. ಸೂಜಿ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ತೊಡೆಯ ಮೇಲೆ ರಟ್ಟು ಇಟ್ಟು ಪ್ರತಿ ಹೆಜ್ಜೆಗೂ ಗುರುತು ಹಾಕುತ್ತಿದ್ದರು. ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ.

ಯಶೋಧರಾ ಹಣಮಮ್ಮನನ್ನು ಮಲಗಿಸಿ ಭುಜದ ಕೆಳಗೆ ದಿಂಬು ಕೊಟ್ಟಳು.

"ಯಾವೂರವ್ವ ನಿಂದು?" ಹಣಮಮ್ಮ ಕೇಳಿದಳು.

"ಸುರಪುರ."

"ನಮ್ಮ ಕಡಿಯಾಕಿನ ಆದಿ ಬಿಡು. ಅಂಜಬ್ಯಾಡ."

"ನಾ ಅಂಜಿಲ್ಲವ್ವ. ಚುಚ್ಚಿಸಿಕೊಳ್ಳಾಕಿ ನೀನು."

"ನಂದೇನದ, ರೂಢಿ ಆಗ್ಯಾದ. ಅಂಜೋರು ನೀವ. ಹ್ವಾದ ಸಲ ಒಬ್ಬ ಹುಡುಗನ ಕೈ ಎಷ್ಟು ನಡುಗಾಕತ್ತಿತ್ತಂದ್ರ, ನಾನ ಅವನ ಕೈ ಹಿಡಕೊಂಡೆ."

ಮೂಲೆಯಲ್ಲಿ ಮಹೇಶಕುಮಾರರ ಪೆನ್ನು ಒಂದು ಕ್ಷಣ ನಿಂತು ಮತ್ತೆ ನಡೆಯಿತು.

ಯಶೋಧರಾ ಏನು ಮಾಡುತ್ತೇನೆಂದು ಹೇಳಿ ಒಪ್ಪಿಗೆ ಕೇಳಿದಳು. ಹಣಮಮ್ಮ "ಮಾಡವ್ವ" ಅಂದಳು. ಸ್ಪಿರಿಟ್ಟಿನಿಂದ ಒರೆಸಿ, ಎಡಗೈ ಬೆರಳುಗಳಿಂದ ಗಂಟನ್ನು ಹಿಡಿದು, ನುಂಗಬೇಡ ಅಂದು ಸೂಜಿ ಹಾಕಿದಳು. ತೆಳು ಜೇನಿನಂಥದ್ದು ಬಂತು. ಗಾಜಿನ ಮೇಲೆ ಹರಡಿದಳು. ಎಲ್ಲ ಬರೋಬ್ಬರಿ ಆಗಿತ್ತು.

ಎರಡನೇ ಸಲ ಚುಚ್ಚುವ ಮುನ್ನ ಮಹೇಶಕುಮಾರರಿಗೆ ಫೋನು ಬಂತು. ಅವರು ಎದ್ದು ವರಾಂಡಕ್ಕೆ ಹೋದರು. ನಿಯಮದ ಪ್ರಕಾರ ಅವಳು ಕಾಯಬೇಕಿತ್ತು.

"ಅಲ್ಲೇ ಚುಚ್ಚಬ್ಯಾಡ ತಂಗಿ," ಹಣಮಮ್ಮ ದನಿ ತಗ್ಗಿಸಿದಳು. "ಅಡತಿ ಅಂಗಡ್ಯಾಗ ಜ್ವಾಳದ ಚೀಲಕ್ಕ ಚುಚ್ಚಿ ನೋಡ್ದಂಗ ನೋಡ್ಯಾರ ಎಲ್ಲಾರೂ. ಉರೀತದ. ಈ ಕಡಿ ಒಂದು ಸಣ್ಣದದ, ಹೊಸಾದು. ಇದಕ್ಕ ಯಾರೂ ಚುಚ್ಚಿಲ್ಲ. ಇದ ತಗೋ."

ಅವಳೇ ಯಶೋಧರಾಳ ಬೆರಳು ಹಿಡಿದು ಬಲಗಡೆಗೆ ಒಯ್ದಳು. ಅಲ್ಲಿ ಕಡಲೆಕಾಳಿನಷ್ಟು ಏನೋ ಇತ್ತು. ಎಡಗಡೆಯದ್ದು ಮೆತ್ತಗೆ, ಇದು ಕಲ್ಲಿನ ಹಾಗೆ.

"ನುಂಗವ್ವ."

ಹಣಮಮ್ಮ ನುಂಗಿದಳು. ಕಾಳು ಮೇಲೆ ಹೋಗಿ ಕೆಳಗೆ ಬಂತು. ಅಂದರೆ ಇದೂ ಥೈರಾಯ್ಡಿನದೇ.

"ಯಾವಾಗಿಂದ ಅದ ಇದು?"

"ಹ್ವಾದ ಪರೀಕ್ಷಿಗೂ ಇತ್ತು."

"ಯಾರಿಗೂ ಹೇಳಿಲ್ಲೇನು?"

"ಯಾರೂ ಕೇಳಲಿಲ್ಲ. ಕೇಳಿದ್ದಷ್ಟ ಹೇಳು, ಇಲ್ಲದ್ದೆಲ್ಲ ಹೇಳಿದ್ರ ಹುಡುಗ್ರು ಗಾಬರಿ ಆಗ್ತಾರ ಅಂತ ನೀಲಕಂಠ ಹೇಳ್ಯಾನ." ಆಮೇಲೆ "ಅದೂ ಖರೆ. ಪರೀಕ್ಷಿ ಎಡಗಡಿದು," ಅಂದಳು.

ಯಶೋಧರಾ ವರಾಂಡದ ಕಡೆ ನೋಡಿದಳು. ಮಹೇಶಕುಮಾರ ಬೆನ್ನು ತಿರುಗಿಸಿ ತೆಲುಗಿನಲ್ಲಿ ಮಾತಾಡುತ್ತಿದ್ದರು. ಕೈಯಲ್ಲಿ ಸೂಜಿ ಇತ್ತು, ಬೆರಳ ಕೆಳಗೆ ಕಾಳಿತ್ತು. ಚುಚ್ಚಿಬಿಟ್ಟಳು. ಬಂದದ್ದು ಬಹಳ ಕಡಿಮೆ. ಹರಡಿ, ಗಾಜಿನ ತುದಿಯಲ್ಲಿ ‘ಬಲ’ ಎಂದು ಗೀಚಿದಳು. ಮಹೇಶಕುಮಾರ ಒಳಗೆ ಬಂದಾಗ ಅವಳು ಹಣಮಮ್ಮನ ಕೊರಳಿಗೆ ಹತ್ತಿ ಒತ್ತಿ ಹಿಡಿದಿದ್ದಳು.

"ಮುಗೀತೇನ್ರಿ?"

"ಹೌದು ಸರ್."

ಅವರು ಗುರುತು ಹಾಕಿದರು.

ಬಣ್ಣ ಹಾಕಿ ಒಣಗಿಸಿ ಮೈಕ್ರೋಸ್ಕೋಪಿನ ಮುಂದೆ ಕೂರುವ ಹೊತ್ತಿಗೆ ಊಟದ ಸಮಯ ದಾಟಿತ್ತು. ಮಹೇಶಕುಮಾರ ಊಟಕ್ಕೆ ಹೋಗಿದ್ದರು. ಎಡಗಡೆಯ ಸ್ಲೈಡು ಪುಸ್ತಕದ ಚಿತ್ರದಂತಿತ್ತು. ಗುಲಾಬಿ ಬಣ್ಣದ ಅಂಟು ದ್ರವ ಕೊಲಾಯ್ಡು, ಸಣ್ಣ ದುಂಡನೆಯ ಜೀವಕೋಶಗಳು, ಒಂದರ ಪಕ್ಕ ಒಂದು ಶಿಸ್ತಾಗಿ. ಅದರ ಬಗ್ಗೆ ಎರಡು ಸಾಲು ಬರೆದರೆ ಸಾಕಿತ್ತು.

ಬಲಗಡೆಯದ್ದರಲ್ಲಿ ಬಹುಪಾಲು ರಕ್ತ. ಹುಡುಕಿ ಹುಡುಕಿ ಮೂರೇ ಗುಂಪು ಸಿಕ್ಕವು. ಸಾಮಾನ್ಯವಾಗಿ ಇಷ್ಟು ಸಾಲದು, ಇಷ್ಟರಲ್ಲಿ ಏನೂ ಹೇಳಬಾರದು. ಆದರೆ ಕೆಟ್ಟ ಕೋಶ ಕಂಡರೆ ಎಷ್ಟು ಗುಂಪು ಎಂಬ ಲೆಕ್ಕ ಬೇಕಾಗುವುದಿಲ್ಲ. ಕೋಶಕೇಂದ್ರಗಳು ಉಬ್ಬಿ ಒಂದರ ಮೇಲೊಂದು ಬಿದ್ದಿದ್ದವು. ಕಾಫಿ ಬೀಜದ ಮೇಲಿನ ಗೆರೆಯಂತೆ ಹಲವುಗಳ ಮೇಲೆ ಗೆರೆ. ಒಂದರ ಒಳಗೆ ಪಂಚ್ ಮಾಡಿ ತೆಗೆದಂಥ ದುಂಡು ಖಾಲಿ ಜಾಗ. ಪ್ಯಾಪಿಲ್ಲರಿ ಕ್ಯಾನ್ಸರು ಹೀಗಿರುತ್ತದೆಂದು ಅವಳು ಓದಿದ್ದಳು. ಚಳಿಗಾಲದಲ್ಲೂ ಹೀಗೇ ಅನಿಸಿತ್ತು. ಆ ಮಿಲ್ಲಿನ ಕೂಲಿಯ ಹೊಲಿಗೆ ನೆನಪಾಯಿತು. ಅವಳು ಸ್ಲೈಡು ತೆಗೆದಳು, ಕಣ್ಣು ಒರೆಸಿಕೊಂಡಳು, ಮತ್ತೆ ಇಟ್ಟಳು. ಗೆರೆ ಇದ್ದಲ್ಲೇ ಇತ್ತು.

ಗುರುದೇವಿ ಬಂದು ಬೆನ್ನ ಹಿಂದೆ ನಿಂತರು. "ಏನ್ ನೋಡಾಕತ್ತಿ ಇಷ್ಟೊತ್ತು? ಹಣಮಮ್ಮನ್ನ ಮೊದಲ ಸಲ ನೋಡಾಕಿ ಹಂಗ."

"ಮೇಡಂ, ಇದು ಬಲಗಡಿದು."

ಗುರುದೇವಿ ಬಗ್ಗಿ ನೋಡಿದರು. ತಿರುಪು ತಿರುಗಿಸಿದರು.

"ಬಲಗಡಿ ಚುಚ್ಚು ಅಂತ ಯಾರು ಹೇಳಿದ್ರು ನಿನಗ?"

"ಹಣಮಮ್ಮ."

"ಆ ಪರೀಕ್ಷಕ ನೋಡಿದ್ನೇನು?"

"ಇಲ್ರಿ. ಫೋನಿನಾಗಿದ್ರು."

ಗುರುದೇವಿ ಸ್ಲೈಡು ತೆಗೆದು ಬೆಳಕಿಗೆ ಹಿಡಿದರು. "ಈಗ ನಾ ಹೇಳೋದು ಕೇಳು. ಎಡಗಡಿದು ಬರಿ, ಪಾಸ್ ಆಗು. ಇದು ನನಗ ಕೊಡು. ನಾಳಿ ನಾ ನೋಡ್ತೀನಿ. ಬೇಕಂದ್ರ ಮತ್ತ ಚುಚ್ಚೋಣ."

ಅದರಲ್ಲಿ ತಪ್ಪು ಮಾತೇನೂ ಇರಲಿಲ್ಲ. ಆದರೆ ಗುರುದೇವಿಯ ಕಿಟಕಿಯ ಕಟ್ಟೆಯ ಮೇಲೆ ಒಂದು ಟ್ರೇ ಇತ್ತು. ನಾಳೆ ನೋಡುವ ಸ್ಲೈಡುಗಳೆಲ್ಲ ಅಲ್ಲಿಗೆ ಹೋಗುತ್ತಿದ್ದವು. ಬಿಸಿಲಿಗೆ ಕೆಲವು ಬಣ್ಣ ಇಳಿದು ಬರೀ ಗಾಜಾಗಿದ್ದವು. ಗುರುದೇವಿ ಸೋಮಾರಿಯಲ್ಲ. ಇಡೀ ಆಸ್ಪತ್ರೆಗೆ ಅವರೊಬ್ಬರೇ, ದಿನದ ಸ್ಲೈಡುಗಳೇ ಮುಗಿಯುತ್ತಿರಲಿಲ್ಲ. ಮೇಲಾಗಿ ಈ ಸ್ಲೈಡಿಗೆ ನಂಬರು ಕೂಡ ಇಲ್ಲ. ಹಣಮಮ್ಮನಿಗೆ ಚೀಟಿಯೇ ಇಲ್ಲ.

"ಆಕಿ ಸಂಜಿ ಬಸ್ಸಿಗೆ ಹೋಗ್ತಾಳ ಮೇಡಂ," ಯಶೋಧರಾ ಅಂದಳು.

"ಫೋನ್ ಮಾಡಿದ್ರ ಬರ್ತಾಳ."

"ಪರೀಕ್ಷಿ ಇದ್ರ ಬರ್ತಾಳ."

ಗುರುದೇವಿ ಸ್ಲೈಡನ್ನು ಮೇಜಿನ ಮೇಲೆ ಇಟ್ಟರು. "ಒಂದ್ ಸಲ ಇಲ್ಲದ್ದನ್ನ ಅದ ಅಂತ ಬರದು ಬಿದ್ದಿ. ಈಗೂ ಹಂಗ ಆದ್ರ ನಾ ಏನೂ ಮಾಡಾಕ ಆಗಲ್ಲ. ನಿನ್ನ ಕೈ, ನಿನ್ನ ಪೆನ್ನು," ಅಂದು ಹೋದರು.

ಊಟ ಮುಗಿಸಿ ಬಂದ ಮಹೇಶಕುಮಾರ ಎದುರು ಕೂತು, ಮೊದಲು ಎಡಗಡೆಯ ಸ್ಲೈಡು ನೋಡಿ ತಲೆಯಾಡಿಸಿದರು. ಆಮೇಲೆ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದರು.

"ಎಷ್ಟು ಕಡಿ ಚುಚ್ಚಿದ್ರಿ?"

ಒಂದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಎರಡು ಕಡಿ ಸರ್. ಎರಡನೇದು ಬಲಗಡಿ. ಪ್ಯಾಪಿಲ್ಲರಿ ಕ್ಯಾನ್ಸರಿನ ಸಂಶಯ ಅಂತ ಬರದೀನಿ."

ಅವರು ಅವಳ ಮುಖ ನೋಡಿದರು. ನಂತರ ರಿಪೋರ್ಟು ನೋಡಿದರು. ನಂತರ ಸ್ಲೈಡು ತೆಗೆದುಕೊಂಡರು.

"ಮೂರು ಗುಂಪು ಅವ. ಸಾಲ್ತದೇನ್ರಿ?"

"ಸಹಜ ಇದ್ದಿದ್ರ ಸಾಲ್ತಿರಲಿಲ್ಲ ಸರ್."

"ಚಳಿಗಾಲದಾಗ ಏನ್ ಮಾಡಿದ್ರಿ ಅನ್ನೋದು ಈ ಫೈಲಿನಾಗ ಅದ."

"ಗೊತ್ತದ ಸರ್."

"ಗೊತ್ತಿದ್ದೂ ಬರದೀರಿ."

"ಆಗ ಗೆರಿ ಇರಲಿಲ್ಲ. ಬರೇ ದೊಡ್ಡ ಕೋಶ ನೋಡಿ ಅಂಜಿ ಬರದಿದ್ದೆ. ಇಲ್ಲಿ ಗೆರಿ ಅದಾವ."

ಮಹೇಶಕುಮಾರ ಮತ್ತೆ ಬಗ್ಗಿದರು. ಈ ಸಲ ಇನ್ನೂ ಹೆಚ್ಚು ಹೊತ್ತಾಯಿತು. ತಲೆ ಎತ್ತಿದಾಗ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

"ನಾ ಇದ್ರೂ ಇದನ್ನ ಬರೀತಿದ್ದೆ," ಅಂದರು. "ಆದ್ರ ನೀವು ಚುಚ್ಚಿದ್ದು ನಾ ನೋಡಿಲ್ಲ. ನಾ ಬರೋತನಕ ಕಾಯಲಿಲ್ಲ. ಹೊಸಾ ಜಾಗಕ್ಕ ಆಕಿ ಒಪ್ಪಿಗಿ ತಗೊಂಡಿಲ್ಲ."

"ಆಕಿನ ತೋರಿಸಿದ್ಳು ಸರ್."

"ಆಕಿ ಪರೀಕ್ಷಿಗೆ ಮದತ್ ಮಾಡಾಕ ತೋರಿಸ್ಯಾಳ. ಅದು ಒಪ್ಪಿಗಿ ಅಲ್ರಿ. ಮುಗೀತೇನು ಅಂತ ಕೇಳಿದಾಗೂ ಹೌದು ಅಂದ್ರಿ, ಬಲಗಡಿ ಮಾತ ಎತ್ತಲಿಲ್ಲ."

ಯಶೋಧರಾ ಹೌದೆಂದು ತಲೆಯಾಡಿಸಿದಳು.

"ನಾಳಿಂದ ಒಬ್ಬರ ಕೂತು ಚುಚ್ಚೋರು ನೀವು. ಹಿಂದ ಯಾರೂ ಇರಾಂಗಿಲ್ಲ. ಕಣ್ಣು ಸರಿ ಅದ. ಕೈ ತಾಳಬೇಕು." ಅವರು ಕೊನೆಯ ಸಾಲು ಬರೆದು ಹಾಳೆ ತಿರುಗಿಸಿ ತೋರಿಸಿದರು. ಮೇಲ್ವಿಚಾರಣೆಯಲ್ಲಿ ಮಾಡಬಲ್ಲರು. ಕೆಳಗೆ ಸಹಿ. ಆಮೇಲೆ ಅವಳ ರಿಪೋರ್ಟನ್ನು ಎಳೆದುಕೊಂಡು ಅದಕ್ಕೂ ಪೂರಾ ಹೆಸರು ಬರೆದು ಸಹಿ ಹಾಕಿದರು. "ಇದಕ್ಕ ನಂಬರ್ ಬೇಕು. ಆಕಿದು ಚೀಟಿ ಮಾಡಸ್ರಿ. ಈಗ."

ಹಣಮಮ್ಮ ವರಾಂಡದ ಬೆಂಚಿನ ಮೇಲೆ ಮಂಡಕ್ಕಿ ತಿನ್ನುತ್ತ ಕೂತಿದ್ದಳು. ಹತ್ತಿ ಇನ್ನೂ ಕೊರಳಿಗೆ ಅಂಟಿತ್ತು.

"ಪಾಸ್ ಆದ್ಯಾ?"

"ಇಲ್ಲವ್ವ."

"ಸುಳ್ಳು ಹೇಳಬ್ಯಾಡ."

"ಖರೇನ. ಇನ್ನೂ ಆರು ತಿಂಗಳು."

ಹಣಮಮ್ಮ ಮಂಡಾಳದ ಪುಡಿಕೆ ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಅವಳಿಗೆ ಸಿಟ್ಟು ಬಂದಿತ್ತು. "ನನ್ನ ಕೊರಳಾಗ ಇಲ್ಲೀತನಕ ಯಾರೂ ಫೇಲ್ ಆಗಿಲ್ಲ. ಏನ್ ಬರದಿ ನೀನು? ಗಾಯ್ಟರ್ ಅಂತ ಬರದಿಲ್ಲ?"

"ಎಡಗಡಿದು ಬರದೆ. ಬಲಗಡಿದು ಬ್ಯಾರೆ ಅದ. ಕ್ಯಾನ್ಸರ್ ಇರಬಹುದು. ಕಲಬುರಗಿಗೆ ಹೋಗಿ ತೆಗಸಬೇಕು. ತೆಗಸಿದ್ರ ಬಹಳ ಮಂದಿಗೆ ಗುಣ ಆಗ್ತದ."

ಹೇಗೆ ಹೇಳಬೇಕೆಂದು ಮೂರು ವರ್ಷದಲ್ಲಿ ಯಶೋಧರಾ ಕಲಿತಿರಲಿಲ್ಲ. ಅವಳ ವಿಭಾಗದಲ್ಲಿ ರೋಗಿಗೆ ಹೇಳುವ ಕೆಲಸ ಬರುವುದಿಲ್ಲ, ಬರೆದು ಕಳಿಸಿದರೆ ಮುಗಿಯಿತು.

ಹಣಮಮ್ಮ ಹತ್ತಿ ಕಿತ್ತು ಅದರಲ್ಲಿನ ರಕ್ತದ ಚುಕ್ಕೆ ನೋಡಿದಳು. ಮತ್ತೆ ಅದೇ ಜಾಗಕ್ಕೆ ಒತ್ತಿಕೊಂಡಳು.

"ಎಡಗಡಿದೂ ತೆಗೀತಾರೇನು?"

"ಎರಡೂ ತೆಗೀಬಹುದು."

"ಮತ್ತ ನೀ ಮುಂದಿನ ಪರೀಕ್ಷಿಗೆ ಬಂದಾಗ ಯಾರಿಗೆ ಚುಚ್ತಿ?"

"ಬ್ಯಾರೆ ಯಾರನ್ನರ ಕರೀತಾರ."

"ಅವ್ರು ನಿನಗ ಹೇಳಿಕೊಡ್ತಾರೇನು?"

"ಬ್ಯಾಡವ್ವ. ಏಳು, ಚೀಟಿ ಮಾಡಸೋಣ."

ಕೌಂಟರಿನ ಕಿಟಕಿಯಲ್ಲಿದ್ದ ಗುಮಾಸ್ತ ತಲೆ ಎತ್ತದೆ ಹೆಸರು ಕೇಳಿದ, ಊರು ಕೇಳಿದ. ಆಮೇಲೆ "ಏನ್ ತ್ರಾಸದ?" ಅಂದ.

"ಎಡಗಡಿ ಗಂಟು," ಹಣಮಮ್ಮ ಶುರು ಮಾಡಿದಳು. "ಬ್ಯಾನಿ ಇಲ್ಲ, ನುಂಗಿದ್ರ ಮ್ಯಾಲ ಹೋಗ್ತದ..."

"ಬಲಗಡಿದು ಹೇಳವ್ವ," ಯಶೋಧರಾ ಅಂದಳು.

ಹಣಮಮ್ಮನ ಮಾತು ನಿಂತಿತು. ಬಲಗಡೆಯದ್ದಕ್ಕೆ ಏನು ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಸೆರಗು ಸರಿಸಿ ಬೆರಳಿಟ್ಟು ತೋರಿಸಿದಳು.

"ಇಲ್ಲಿ," ಅಂದಳು.