ಹಿಮ್ಮಡಿ ನೋಡುವ ಪಾಠ

ದಿನಕ್ಕೊಂದು ಸಲ ಗಂಡನನ್ನು ಹೊಡೆಯಲು ಹೋಗುವುದು ಎಂಟು ತಿಂಗಳಿಂದ ನನ್ನ ಕೆಲಸವಾಗಿತ್ತು. ನಗಬೇಡಿ. ಹಾಗೆ ಮಾಡೆಂದು ಹೇಳಿಕೊಟ್ಟವರು ಅವರ ಒಡಹುಟ್ಟಿದ ಅಕ್ಕ. ಅತ್ತಿಗೆ ಮೂವತ್ತು ವರ್ಷ ಮಾನಸಿಕ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಮೈಮೇಲೆ ಏರಿ ಬಂದವರನ್ನು ಒಂದೇಟೂ ಹಾಕದೆ ಕೂರಿಸಿದವರು.

"ಭುಜ ಇಳಿಸು, ಕೈ ಬಿಚ್ಚು. ಆಮೇಲೆ ಹೊಡೆಯೋಕೆ ಬಂದವರ ಹಿಮ್ಮಡಿ ನೋಡು. ಹಿಮ್ಮಡಿ ನೆಲ ಬಿಟ್ಟಿದೆ ಅಂದ್ರೆ ಹೆದರಿದಾರೆ ಅಂತ ತಿಳ್ಕೋ. ಏನಾಯ್ತು ಅಂತ ಕೇಳು. ಉತ್ತರ ಬರೋವರೆಗೂ ಕಾಯಿ," ಎಂದು ತಮ್ಮನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಹೊಡೆಯೋಕೆ ಬರೋಳು. ಹೇಳದೆ ಕೇಳದೆ ಬರ್ಬೇಕು, ಆಗ್ಲೇ ಅದು ಮೈಗೆ ಹತ್ತೋದು," ಎಂದರು.

"ಅದನ್ನೂ ನಂಗೆ ಹೇಳ್ಕೊಡ್ಬೇಕಾ ಅತ್ತಿಗೆ?" ಎಂದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಎಂಬುದು ಬೀದಿಗೆಲ್ಲ ಗೊತ್ತು.

ಈ ಪಾಠ ಯಾಕೆ ಬೇಕಾಯಿತೆಂದರೆ, ನಮ್ಮನೆಯವರು ಬಟ್ಟೆ ಗೋದಾಮಿನ ಕಾವಲುಗಾರರು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಮೂಟೆಗಳ ಹಿಂದೆ ಯಾರೋ ಒಬ್ಬ ಕಂಡ. ಇವರು ಮೂರು ಸಲ ಕೂಗಿದರು. ಆತ ಓಡಲಿಲ್ಲ, ಮಾತಾಡಲಿಲ್ಲ, ಕೈಯೆತ್ತಿಕೊಂಡು ಹತ್ತಿರ ಬಂದ. ಕೈಯಲ್ಲಿ ಏನೋ ಹೊಳೆಯಿತು. ಇವರು ದೊಣ್ಣೆ ಬೀಸಿಬಿಟ್ಟರು. ಹೊಳೆದದ್ದು ಸ್ಟೀಲ್ ಲೋಟ. ಆತನಿಗೆ ಕಿವಿ ಕೇಳುತ್ತಿರಲಿಲ್ಲ, ಕುಡಿಯುವ ನೀರಿಗೆ ಬಂದಿದ್ದ. ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಜೀವ ಉಳಿಸಿಕೊಳ್ಳಲು ಹೊಡೆದದ್ದು ಎಂದು ಕೋರ್ಟು ಇವರನ್ನು ಬಿಟ್ಟು ಕಳಿಸಿತು.

ಆ ಲೋಟದ ಸದ್ದು ನಮ್ಮ ಮನೆಗೆ ಬಂತು. ಊಟಕ್ಕೆ ಕೂತಾಗ ಇವರು ತುತ್ತು ಹಿಡಿದು ತಲೆಯೆತ್ತಿ, "ಕೇಳಿಸ್ತಾ? ಉರುಳ್ತಿದೆ," ಎನ್ನುತ್ತಿದ್ದರು. ಮೊದಮೊದಲು ಬೈದೆ. ಮನೆಯ ಸ್ಟೀಲ್ ಲೋಟಗಳನ್ನೆಲ್ಲ ಅತ್ತಿಗೆಗೆ ದಾಟಿಸಿ ಗಾಜಿನವು ತಂದಿಟ್ಟೆ. ಆಮೇಲೊಂದು ದಿನ ಹೊಲಿಗೆ ಮಿಷನ್ ತುಳಿಯುತ್ತಿದ್ದಾಗ ಹಿಂದಿನ ಕೋಣೆಯಲ್ಲಿ ಲೋಟ ಬಿದ್ದು, ಉರುಳಿ, ಗೋಡೆಗೆ ತಾಗಿ ನಿಂತ ಸದ್ದು ನನಗೇ ಕೇಳಿಸಿತು. ಹೋಗಿ ನೋಡಿದರೆ ಏನೂ ಇಲ್ಲ. ಇವರಿಗೆ ಹೇಳಲು ಹೋಗಲಿಲ್ಲ.

ಸತ್ತವನಿಗಿಂತ ತಮ್ಮ ಕೈಗೇ ಇವರು ಹೆಚ್ಚು ಹೆದರುತ್ತಿದ್ದರು. "ನಾಳೆ ಇನ್ಯಾರಾದ್ರೂ ಎದುರಿಗೆ ಬಂದ್ರೆ ಈ ಕೈ ಮತ್ತೆ ಎದ್ದುಬಿಡುತ್ತೆ ಕಣೇ. ಇನ್ನೊಂದು ಹೆಣ ಹೊರೋಕೆ ನನ್ನಿಂದ ಆಗಲ್ಲ," ಎಂದು ಅತ್ತರು. ಅದಕ್ಕೇ ನಾನು ಪೊರಕೆ ಎತ್ತಿದ್ದು. ಬಚ್ಚಲ ಬಾಗಿಲಲ್ಲಿ, ಅಡುಗೆಮನೆಯಲ್ಲಿ, ಕನ್ನಡಿ ಮುಂದೆ, ಎಲ್ಲೆಂದರಲ್ಲಿ ಮೈಮೇಲೆ ಬಿದ್ದೆ. ಮೊದಲ ವಾರ ಇವರು ತಿರುಚಿದ ನನ್ನ ಮಣಿಕಟ್ಟು ಊದಿಕೊಂಡಿತು. "ಪಾಪ, ಆ ಮನುಷ್ಯನ್ನ ಯಾಕಮ್ಮಾ ಹಂಗೆ ಗೋಳು ಹುಯ್ಕೋತೀಯ?" ಎಂದು ಪಕ್ಕದ ಮನೆಯಾಕೆ ನನಗೇ ಬುದ್ಧಿ ಹೇಳಿದಳು. ಬರಬರುತ್ತಾ ಇವರ ಅಂಗೈ ತಾನಾಗಿ ಬಿಚ್ಚತೊಡಗಿತು. "ಏನಾಯ್ತು ನಿಂಗೆ?" ಎಂದರೆ ನಾನು, "ಚಪ್ಪಲಿ ಕೊಡಿಸ್ಲಿಲ್ಲವಲ್ಲ, ಅದಕ್ಕೆ," ಎಂದು ತರಲೆ ಮಾಡುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ಮೊನ್ನೆ ಮಧ್ಯಾಹ್ನ ನಾನು ಶಾಲೆಯ ಸಮವಸ್ತ್ರಕ್ಕೆ ಬಟ್ಟೆ ಕತ್ತರಿಸುತ್ತಿದ್ದೆ. ಇವರು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಬಾಗಿಲಿಗೆ ಯಾರೋ ಅಡ್ಡ ಬಂದಂತಾಗಿ ತಲೆಯೆತ್ತಿದೆ. ಸತ್ತವನೇ ನಿಂತಿದ್ದ. ಕೋರ್ಟಿನಲ್ಲಿ ತೋರಿಸಿದ ಫೋಟೋದ ಅದೇ ಹಣೆ, ಅದೇ ಕೂಡಿದ ಹುಬ್ಬು. ಕೈಯಲ್ಲಿ ಕಬ್ಬಿಣದ ರಾಡು.

"ನಾನು ಅವನ ತಮ್ಮ. ನಿನ್ನ ಗಂಡನ್ನ ಕರಿ," ಎಂದ. "ಕೋರ್ಟು ಬಿಟ್ಟಿರಬಹುದು, ನಾನು ಬಿಟ್ಟಿಲ್ಲ."

ಎದ್ದು ನಿಂತೆ. ದೊಡ್ಡ ಕತ್ತರಿ ಹಿಡಿದ ನನ್ನ ಕೈ ಆಗಲೇ ಮೇಲೆ ಹೋಗಿತ್ತು. ಎಂಟು ತಿಂಗಳು ದಿನಾ ಎತ್ತಿ ಎತ್ತಿ ಅದಕ್ಕೆ ಅಷ್ಟೇ ಗೊತ್ತು. ಕೈ ಬಿಚ್ಚುವುದನ್ನು ನನಗೆ ಯಾರೂ ಕಲಿಸಿರಲಿಲ್ಲ, ಅತ್ತಿಗೆಗೂ ಅದು ಹೊಳೆದಿರಲಿಲ್ಲ. ಅವನ ಕೊರಳು ನನ್ನಿಂದ ಮೂರಡಿ ದೂರದಲ್ಲಿತ್ತು. ಎಲ್ಲಿ ಚುಚ್ಚಬೇಕೆಂದು ನನ್ನ ಕಣ್ಣು ಗುರುತು ಹಾಕಿಯೂ ಆಗಿತ್ತು. ಛೀ, ಇದೇನು ಮಾಡುತ್ತಿದ್ದೇನೆ ಎನ್ನಿಸಿತು. ಆದರೂ ಕೈ ಇಳಿಯಲಿಲ್ಲ.

ಸದ್ದು ಕೇಳಿ ಇವರು ಒಳಗೆ ಬಂದರು. ಕೈತುಂಬ ಸೋಪಿನ ನೊರೆ. ರಾಡು ನೋಡಿದರು, ನನ್ನ ಕೈಯ ಕತ್ತರಿ ನೋಡಿದರು. ಆಮೇಲೆ ನಮ್ಮಿಬ್ಬರ ನಡುವೆ ಬಂದು ನನ್ನ ಕಡೆ ಮುಖ ಮಾಡಿ ನಿಂತರು. ಬೆನ್ನು ಪೂರ್ತಿ ಅವನಿಗೆ ಸಿಕ್ಕಿತು.

"ರೀ, ತಲೆ ಕೆಟ್ಟಿದ್ಯಾ ನಿಮ್ಗೆ? ಹಿಂದೆ ನೋಡ್ರೀ!" ಎಂದು ಕಿರುಚಿದೆ.

ಇವರು ಭುಜ ಇಳಿಸಿ ಕೈ ಬಿಚ್ಚಿದರು. ಕಣ್ಣು ನನ್ನ ಕಾಲಿಗೆ ಹೋಯಿತು. ನಾನೂ ನೋಡಿಕೊಂಡೆ. ನನ್ನ ಎರಡು ಹಿಮ್ಮಡಿಯೂ ನೆಲ ಬಿಟ್ಟಿದ್ದವು.

"ಏನಾಯ್ತು ನಿಂಗೆ?" ಎಂದರು.

ಆಗ ಹಿಂದಿನಿಂದ ಏಟು ಬಿತ್ತು. ಭುಜದ ಮೂಳೆ ಮುರಿದ ಸದ್ದು ನನಗೆ ಚೆನ್ನಾಗಿ ಕೇಳಿಸಿತು. ಇವರು ಮುಂದಕ್ಕೆ ಬಾಗಿದರು, ಮುಖ ಬಿಳಿಚಿಕೊಂಡಿತು, ಆದರೂ ತಿರುಗಲಿಲ್ಲ. ಅವನು ರಾಡನ್ನು ಮತ್ತೆ ಎತ್ತಿದ. ಇವರ ಕಿವಿಯ ಪಕ್ಕದಿಂದ ಕತ್ತರಿ ಹಾಯಿಸಿದ್ದರೆ ಅವನ ಕೊರಳಿಗೇ ಸಿಗುತ್ತಿತ್ತು.

"ಹೇಳೇ, ಕಾಯ್ತಿದೀನಿ," ಎಂದರು ಹಲ್ಲು ಕಚ್ಚಿಕೊಂಡು.

ಈ ಸಲ ತರಲೆ ಮಾಡಲಿಲ್ಲ. "ಭಯ ಆಗ್ತಿದೆ ರೀ," ಎಂದೆ. ಹುಟ್ಟಿದಾಗಿನಿಂದ ಆ ಮಾತನ್ನು ನಾನು ಯಾರಿಗೂ ಹೇಳಿದವಳಲ್ಲ. ಕತ್ತರಿ ಕೈ ಜಾರಿ ಬಟ್ಟೆಯ ಮೇಲೆ ಬಿತ್ತು.

ಇವರ ಬೆನ್ನ ಹಿಂದಿನಿಂದ ಸಣ್ಣ ದನಿಯಲ್ಲಿ ಅವನು, "ನಂಗೂ," ಎಂದ.

ರಾಡು ಇನ್ನೂ ಮೇಲೆಯೇ ಇತ್ತು. ಇವರು ಮುರಿದ ಭುಜ ಇಳಿಬಿಟ್ಟುಕೊಂಡು ಮೆಲ್ಲಗೆ ಅವನ ಕಡೆ ತಿರುಗಿ, ಅವನ ಹಿಮ್ಮಡಿ ನೋಡಿದರು.