ಒಂದು ಮುಚ್ಚಳ ಹೆಚ್ಚಿಗೆ

ಮೂಗಿಗೆ ಹತ್ತಿತು, ಅಂದರೆ ಸ್ಕೂಟರಿನ ಎಣ್ಣೆ ಪೆಟ್ರೋಲಿಗೆ ಸೇರುತ್ತಿದೆ, ಡಬ್ಬಿಯ ತಳದಲ್ಲಿ ನೀಲಿ ಬಣ್ಣ ಬಿಟ್ಟುಕೊಳ್ಳುತ್ತಿದೆ, ಮೊದಲು ಸ್ವಲ್ಪ ಪೆಟ್ರೋಲು, ಆಮೇಲೆ ಎಣ್ಣೆ, ಮುಚ್ಚಿ ಕುಲುಕಿ, ಆಮೇಲೆ ಉಳಿದ ಪೆಟ್ರೋಲು, ಇದನ್ನೆಲ್ಲ ಇವರು ಈ ಮೆಟ್ಟಿಲ ಮೇಲೆ ಕೂತೇ ಕಲಿಸಿದ್ದು, ಜೋರಾಗಿ ಕುಲುಕೇ, ಮಗು ಮಲಗಿಸ್ತಿದ್ದೀಯೇನು — ಲೀಟರಿಗೆ ಇಪ್ಪತ್ತು ಎಂಎಲ್, ಮೆಕ್ಯಾನಿಕ್ ಮಗಳಿಗೆ ಹೇಳಿದ್ದು, ಮಗಳು ನನಗೆ ಹೇಳಿದ್ದು, ಅಮ್ಮ, ಅಳತೆ ಅಂದ್ರೆ ಅಳತೆ, ಅಪ್ಪನ ಅಳತೆ ಬೇಡ. ಅಪ್ಪನ ಅಳತೆ ಎಂದರೆ ಲೆಕ್ಕವೆಲ್ಲ ಸರಿಯಾದ ಮೇಲೆ ಒಂದು ಮುಚ್ಚಳ ಹೆಚ್ಚಿಗೆ, ಪಾಪ, ವಯಸ್ಸಾದ ಸ್ಕೂಟರು, ಕುಡೀಲಿ ಬಿಡೇ, ಎಂಜಿನ್ನಿಗೂ ಬೇಡಬೇಡವೆಂದರೂ ಬಡಿಸುವ ಕೈ ಅದು, ಅದಕ್ಕೇ ಇವರಿಗೂ ಮೆಕ್ಯಾನಿಕ್‌ಗೂ ಎಣ್ಣೆ ಸೀಗೆಕಾಯಿ, ಸರ್, ಎಣ್ಣೆ ಜಾಸ್ತಿಯಾದ್ರೆ ಹೊಗೆ ಬರುತ್ತೆ, ಪ್ಲಗ್ ಮಸಿ ಹಿಡಿಯುತ್ತೆ, ನಡುದಾರೀಲಿ ನಿಲ್ಲುತ್ತೆ, ನಿಂತ್ರೆ ನೀನಿದ್ದೀಯಲ್ಲಪ್ಪ. ಮದುವೆಯಾದ ಹೊಸದರಲ್ಲಿ ವಾರಗಿತ್ತಿಯ ಮುಂದೆ ಬಾಯಿ ತಪ್ಪಿ ಅಂದುಬಿಟ್ಟೆ, ನಮ್ಮವರು ಎಣ್ಣೆ ಜಾಸ್ತಿ ಹಾಕ್ತಾರಕ್ಕ, ಎಷ್ಟು ಹೇಳಿದ್ರೂ ಕೇಳಲ್ಲ, ಅವಳು ನನ್ನ ಕೈ ಹಿಡಿದುಕೊಂಡು, ಹೊಡೀತಾನೇನೇ ಅಂತ ಕೇಳಿದಳು, ಮಾತು ಮನೆಯೆಲ್ಲ ಸುತ್ತಿ ಮಾವನ ಕಿವಿಗೆ ಬಿದ್ದು, ಸಂಜೆ ಅವರು ಮಗನ ಬಾಯಿ ಮೂಸಲು ಬಾಗಿಲಲ್ಲೇ ನಿಂತರು, ಮೂಸಿದರೆ ಪೆಟ್ರೋಲು, ಇವರು ನನ್ನನ್ನು ವಾರಗಟ್ಟಲೆ ಆಡಿಕೊಂಡರು, ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿತ್ತು.

ಸಂಜೆ ಗಿರಣಿಯ ತಿರುವಿನಲ್ಲಿ ಮೊದಲು ಸದ್ದು, ಆಮೇಲೆ ಇವರು, ಬೆನ್ನ ಹಿಂದೆ ಗೋಡೆಯ ಮೇಲಕ್ಕೆ ಏಳುವ ನೀಲಿ ಹೊಗೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಕೆಲಸವೇ ಇರಲಿಲ್ಲ, ಎಣ್ಣೆಯೇ ಬಂದು ಹೇಳುತ್ತಿತ್ತು. ಇವರು ತೀರಿಕೊಂಡ ಮೇಲೂ ಬೆರೆಸುವವಳು ನಾನೇ, ಇವರದೇ ಅಳತೆ, ಒಂದು ಮುಚ್ಚಳ ಹೆಚ್ಚಿಗೆ, ಮಗಳು ಬೆಳಿಗ್ಗೆ ಕೆಲಸಕ್ಕೆ ಹೊರಟರೆ ತಿರುವಿನಲ್ಲಿ ಹೊಗೆ ಸ್ವಲ್ಪ ಹೊತ್ತು ನಿಂತಿರುತ್ತದೆ, ಅಷ್ಟು ಹೊತ್ತು ಇವರೇ ಈಗ ಹೋದರು ಅನ್ನಿಸುತ್ತದೆ, ಹೋದವರು ಸಂಜೆ ಬರುತ್ತಾರಲ್ಲ ಅನ್ನಿಸುತ್ತದೆ, ಹುಚ್ಚು, ಗೊತ್ತು, ಆದರೂ ಆ ಹೊಗೆಗಾಗಿಯೇ ನಾನು ಬೆಳಿಗ್ಗೆ ಏಳುವುದು — ಹೋದ ವಾರ ಸೇತುವೆಯ ನಡುವೆ ಸ್ಕೂಟರು ನಿಂತಿತಂತೆ, ಹಿಂದೆ ಲಾರಿ, ಡ್ರೈವರ್ ಬ್ರೇಕ್ ತುಳಿದಿದ್ದಕ್ಕೆ ಬಚಾವು, ಮನೆಗೆ ಬಂದವಳು ಬೈಯಲಿಲ್ಲ, ಕರೀ ಪ್ಲಗ್ ತಂದು ನನ್ನ ಅಂಗೈಯಲ್ಲಿಟ್ಟು ನೀರು ಕುಡಿಯಲು ಹೋದಳು, ಬೈದಿದ್ದರೆ ಚೆನ್ನಾಗಿತ್ತು.

ಈಗ ಅಳತೆ ಮುಗಿದಿದೆ, ಕೈಯಲ್ಲಿ ಇನ್ನೊಂದು ಮುಚ್ಚಳ ತುಂಬಿಯೇ ಇದೆ, ನಾನು ತುಂಬಿದ್ದೆಂದು ನೆನಪೂ ಇಲ್ಲ, ಕೈಯೇ ತುಂಬಿಕೊಂಡಿದೆ, ಹಾಕಲಾ, ಅರ್ಧ ಹಾಕಲಾ, ರೀ, ನಿಮ್ಮ ಮಗಳು ಕಣ್ರೀ — ವಾಪಸ್ ಬಾಟಲಿಗೆ ಸುರಿದೆ, ಹನಿಯೂ ಉಳಿಯದ ಹಾಗೆ. ಆಲಿಕೆ ಇಟ್ಟು ಟ್ಯಾಂಕಿಗೆ ತುಂಬಿದೆ, ಅವಳು ಬಂದಳು, ಒಂದೇ ಕಿಕ್ಕಿಗೆ ಹಿಡಿಯಿತು, ಅಮ್ಮ, ಶಬ್ದ ಕೇಳಿದ್ಯಾ, ಎಷ್ಟು ಹಗುರ, ಬರ್ತೀನಿ, ಹುಷಾರಾಗಿ ಹೋಗು, ಹೋದಳು, ತಿರುವಿನಲ್ಲಿ ತಿರುಗಿದಳು, ಸದ್ದು ಎಲ್ಲೂ ತಡವರಿಸದೆ ಸೇತುವೆಯ ಕಡೆ ಸಾಗಿತು, ಒಳ್ಳೆಯದೇ ಆಯಿತು, ಒಳ್ಳೆಯದೇ, ತಿರುವು ಇಷ್ಟು ಚೊಕ್ಕಟವಾಗಿ ಕಂಡದ್ದೇ ಇಲ್ಲ, ಗೋಡೆ, ಗೋಡೆಯ ಮೇಲೆ ಬಿಸಿಲು, ಹೊಗೆ ಇಲ್ಲ, ಬಿಸಿಲು, ಹೊಗೆ ಇಲ್ಲ