ಬೇರೆಯವರು ಯಾರೂ ಇರಲಿಲ್ಲ

ಸರ್ವಮಂಗಳಾ ಮದುವೆಯಾಗಿ ಜಯನಗರದ ಆ ಮನೆಗೆ ಬಂದು ಮೂರು ವರ್ಷವಾಗಿತ್ತು. ಅಷ್ಟು ದಿನದಲ್ಲಿ ಅವಳು ಒಬ್ಬಳೇ ತರಕಾರಿ ಅಂಗಡಿಗೂ ಹೋದವಳಲ್ಲ. ಗಣಿತದಲ್ಲಿ ಬಿ.ಎಸ್ಸಿ. ಮಾಡಿದ್ದಳು, ಅದೂ ಫಸ್ಟ್ ಕ್ಲಾಸು. ಆ ಫಸ್ಟ್ ಕ್ಲಾಸು ಟ್ರಂಕಿನ ತಳದಲ್ಲಿ ಮದುವೆ ಸೀರೆಗಳ ಕೆಳಗೆ ಬೆಚ್ಚಗೆ ಮಲಗಿತ್ತು. ಗಂಡ ಗೌರೀಶಂಕರ ಭದ್ರಾವತಿಯ ಕಾರ್ಖಾನೆಯಲ್ಲಿದ್ದ; ತಿಂಗಳಿಗೊಮ್ಮೆ ಬಂದು ಅಪ್ಪನ ಮಾತಿಗೆಲ್ಲ ತಲೆಯಾಡಿಸಿ ಹೋಗುತ್ತಿದ್ದ.

ಅರವತ್ತೇಳರ ಚುನಾವಣೆ ಹತ್ತಿರ ಬಂದಿತ್ತು. ದೆಹಲಿಯ ಒಂದು ಸಂಸ್ಥೆ ದೇಶದ ಮನೆ ಮನೆಗೆ ಜನ ಕಳಿಸಿ, ಯಾರಿಗೆ ಓಟು ಹಾಕುತ್ತೀರಿ ಎಂದು ಕೇಳಿ, ಗೆಲ್ಲುವವರು ಯಾರೆಂದು ಮುಂಚೆಯೇ ಹೇಳಲು ಹೊರಟಿತ್ತು. ಅದರಲ್ಲಿ ಐವತ್ತು ಮನೆಗಳ ಕೆಲಸ ಸರ್ವಮಂಗಳೆಗೆ ಸಿಕ್ಕಿತು. ಚೆನ್ನಾಗಿ ಮಾಡಿದರೆ ಕಾಯಂ ನೌಕರಿ, ಊರೂರು ಸುತ್ತುವ ಕೆಲಸ ಎಂದು ಇಲ್ಲಿನ ಮೇಲ್ವಿಚಾರಕ ಚಕ್ರಪಾಣಿ ಹೇಳಿದ್ದರು. ಅವತ್ತು ಅವಳು ಅಕ್ಕಿ ಆರಿಸುತ್ತ ಹಾಡಿಕೊಂಡಳು.

ಮಾವ ಪರಮಶಿವಯ್ಯ ನಿವೃತ್ತ ಹೆಡ್‌ಮಾಸ್ಟರು. ಬೇಡವೆನ್ನಲಿಲ್ಲ, ಪುಣ್ಯಾತ್ಮರು.

"ನಾನೂ ಬರ್ತೀನಿ ನಡಿ," ಎಂದು ಕೊಡೆ ಕೈಗೆ ತೆಗೆದುಕೊಂಡರು. "ಸೊಸೆ ಒಬ್ಬಳೇ ಕಂಡೋರ ಮನೆ ಬಾಗಿಲು ತಟ್ಟೋದು ಅಂದ್ರೇನು?"

ತ್ಯಾಗರಾಜನಗರದಿಂದ ಉತ್ತರಹಳ್ಳಿಯವರೆಗೆ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು, ಉಳಿದರ್ಧ ಅಂಥವರ ಅಪ್ಪ ಅಮ್ಮಂದಿರು. ಮೇಷ್ಟ್ರು ಯಾವ ಪಕ್ಷದವರೆಂದು ಬೀದಿ ನಾಯಿಗೂ ಗೊತ್ತಿತ್ತು. ಸರ್ವಮಂಗಳಾ ಪ್ರಶ್ನೆ ಓದಿದರೆ ಮನೆಯವರು ಅವಳ ಬೆನ್ನ ಹಿಂದೆ ನಿಂತವರ ಮುಖ ನೋಡಿ, ಮೇಷ್ಟ್ರ ಪಕ್ಷವನ್ನೇ ಹೆಸರಿಸುತ್ತಿದ್ದರು. ಹದಿನೈದನೆಯ ಮನೆಯ ಹೊತ್ತಿಗೆ ಉತ್ತರ ಬರುವ ಮೊದಲೇ ಅವಳ ಪೆನ್ನು ಆ ಚೌಕದ ಮೇಲೆ ಕಾದು ಕೂತಿರುತ್ತಿತ್ತು.

ಉತ್ತರಹಳ್ಳಿಯ ಬೈರಮ್ಮನ ಮನೆಯಲ್ಲಿ ಮಾತ್ರ, ಕೇಳಿ ಮುಗಿದ ಮೇಲೆ, ಪರಮಶಿವಯ್ಯ ಕಾಲು ತೊಳೆಯಲು ಹಿತ್ತಿಲಿಗೆ ಹೋದರು. ಬೈರಮ್ಮ ಸರಕ್ಕನೆ ಹತ್ತಿರ ಬಂದಳು.

"ಆಗ್ಲೇ ಹೇಳಿದ್ದು ಸುಳ್ಳು ಕಣವ್ವ. ಅವ್ರಿಗೆ ನಾನೂ ಹಾಕಲ್ಲ, ಈ ಬೀದೀನೇ ಹಾಕಲ್ಲ. ನನ್ನ ಮಗಂಗೆ ನಾಲ್ಕಕ್ಷರ ಕಲ್ಸಿದೋರು, ಅವ್ರ ಮುಂದೆ ಇಲ್ಲ ಅನ್ನೋಕಾಯ್ತದಾ?"

"ಹಾಗಾದ್ರೆ ತಿದ್ದಿ ಬರ್ಕೊಳ್ಲಾ?"

"ಅಯ್ಯೋ, ಬ್ಯಾಡ! ಅವ್ರು ನೋಡಿದ್ರೆ?"

ಐವತ್ತು ಮನೆ ಮುಗಿದಾಗ ನಲವತ್ತಾರು ಮೇಷ್ಟ್ರ ಪಕ್ಷಕ್ಕೆ ಬಂದಿದ್ದವು. ಕೊನೆಯ ಪ್ರಶ್ನೆಯನ್ನು ಸರ್ವಮಂಗಳಾ ಮನೆಯಲ್ಲಿ ಕೂತು ತುಂಬಬೇಕಿತ್ತು: 'ಉತ್ತರಿಸುವಾಗ ಬೇರೆಯವರು ಯಾರಾದರೂ ಇದ್ದರೇ?' ಹೌದು ಎಂದರೆ ಆ ಹಾಳೆ ರದ್ದು. ಚಕ್ರಪಾಣಿ ಬೇರೆ ಮನೆಗಳನ್ನು ಕೊಡುತ್ತಾರೆ, ಈ ಸಲ ಒಬ್ಬಳೇ ಹೋಗಬೇಕೆಂದು ಕಟ್ಟುನಿಟ್ಟು ಮಾಡುತ್ತಾರೆ. ಅವಳು ಧೈರ್ಯ ಮಾಡಿ ಮೊದಲ ಹಾಳೆಯಲ್ಲಿ 'ಹೌದು' ಎಂದು ಬರೆದಳು.

ಪರಮಶಿವಯ್ಯ ಕನ್ನಡಕ ಏರಿಸಿ, ಪರೀಕ್ಷೆ ಪೇಪರು ತಿದ್ದುವವರಂತೆ ಹಾಳೆ ಎತ್ತಿಕೊಂಡರು. "ಹೌದು ಅಂತ ಬರ್ದಿದೀಯಲ್ಲಮ್ಮ, ಯಾರಿದ್ರು?"

"ನೀವಿದ್ರಲ್ಲ ಮಾವ."

"ನಾನು ಬೇರೆಯವನೇನಮ್ಮ?"

ಗದರಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆದರೆ ಆ ದನಿಯಲ್ಲಿ ನಿಜವಾದ ನೋವಿತ್ತು. ಅವಳು ಆ 'ಹೌದು' ಹೊಡೆದುಹಾಕಿದಳು. ಐವತ್ತು ಹಾಳೆಯಲ್ಲೂ 'ಇಲ್ಲ' ಎಂದು ಬರೆದುಕೊಟ್ಟಳು. ಪರಮಶಿವಯ್ಯ ಸಿಕ್ಕಸಿಕ್ಕವರಿಗೆಲ್ಲ ಸೀಟು ನಮ್ಮದೇ ಎಂದು ಸಾರಿಕೊಂಡು ಬಂದರು.

ಎಣಿಕೆಯಾಯಿತು. ಮೇಷ್ಟ್ರ ಅಭ್ಯರ್ಥಿ ಮಣ್ಣು ಮುಕ್ಕಿದ್ದ. ವಾರ ಕಳೆದು ಚಕ್ರಪಾಣಿ ಮನೆಗೆ ಬಂದರು. ಬೈಯಲು ಬಂದಿದ್ದಾರೆಂದುಕೊಂಡಳು ಸರ್ವಮಂಗಳಾ. ಅವರು ಬೈಯಲಿಲ್ಲ. ಕುರ್ಚಿಯಲ್ಲಿದ್ದ ಮಾವನನ್ನೊಮ್ಮೆ, ಮೂಲೆಯ ಕೊಡೆಯನ್ನೊಮ್ಮೆ ನೋಡಿದರು. ಏನು ನಡೆದಿತ್ತೆಂದು, ತಪ್ಪು ಅವಳದಲ್ಲವೆಂದು ಅವರಿಗೆ ಅರ್ಥವಾದಂತಿತ್ತು.

"ಬರೋ ತಿಂಗಳು ಮಂಡ್ಯದ ಕಡೆ ಇನ್ನೊಂದು ಸರ್ವೆ ಇದೆ," ಎಂದರು ಅವಳಿಗೆ. "ಒಬ್ಬರೇ ಹೋಗ್ಬೇಕು, ಜೊತೆಗೆ ಯಾರೂ ಬರೋ ಹಾಗಿಲ್ಲ. ನೀವು ಹೂಂ ಅಂದ್ರೆ ಇವತ್ತೇ ಆರ್ಡರ್ ಕೊಡ್ತೀನಿ. ಕಾಯಂ ಕೆಲಸ. ನಿಮ್ಗೆ ಇಷ್ಟ ಇದೆಯಾ?"

"ಹೇಳಮ್ಮ, ನಿನ್ನಿಷ್ಟ," ಎಂದರು ಪರಮಶಿವಯ್ಯ. "ನಾನು ಮಧ್ಯೆ ಬಾಯಿ ಹಾಕಲ್ಲ."

ಬಾಯಿ ಹಾಕಲಿಲ್ಲ, ನಿಜ. ಎದ್ದೂ ಹೋಗಲಿಲ್ಲ.

'ಹೋಗ್ತೀನಿ' ಎಂಬ ಮಾತು ಅವಳ ಗಂಟಲವರೆಗೆ ಬಂತು. ಬಸ್ಸಿನ ಕಿಟಕಿ, ಕಬ್ಬಿನ ಗದ್ದೆ, ಕಂಕುಳಲ್ಲಿ ಹಾಳೆಗಳ ಕಟ್ಟು, ಎಲ್ಲ ಕಣ್ಣ ಮುಂದೆ ಬಂದವು. ಅವಳ ದೃಷ್ಟಿ ಚಕ್ರಪಾಣಿಯವರ ಭುಜದಾಚೆ ಆ ಕುರ್ಚಿಯ ಮೇಲೆ ಹೋಗಿ ನಿಂತಿತು. ಮಾವ ಪ್ರೀತಿಯಿಂದ ನಗುತ್ತಿದ್ದರು.

"ಅಂಥ ಇಷ್ಟ ಏನಿಲ್ಲ ಸಾರ್," ಎಂದಳು. "ಮನೇಲೇ ಬೇಕಾದಷ್ಟು ಕೆಲಸ ಇದೆ."

"ನೋಡಿದ್ರಾ? ನಾನೇನೂ ಹೇಳ್ಲಿಲ್ಲ," ಎಂದರು ಪರಮಶಿವಯ್ಯ.

ಚಕ್ರಪಾಣಿ ಕುರ್ಚಿಯ ಕಡೆ ಇನ್ನೊಮ್ಮೆ ನೋಡಿದರು. ಆಮೇಲೆ ಪೆನ್ನು ತೆಗೆದು, ಅವಳು ಹೇಳಿದ್ದನ್ನೇ ಬರೆದುಕೊಂಡರು.